ಮೂಕಿ ಎತ್ತಿ ನೋಡುತ್ತಿದ್ದ ಕಾಳಾಚಾರ್ರು

ಕಾಳಾಚಾರ್ರಿಗೆ ಎದುರಿಗೆ ಬಂದವರ ತೂಕ ಕಣ್ಣಳತೆಯಲ್ಲೇ ತಿಳಿಯುತ್ತಿತ್ತು. ತಿಳಿದು ಸುಮ್ಮನಿರುವ ಆಸಾಮಿಯಲ್ಲ, ಮುಖಕ್ಕೇ ಹೇಳಿಬಿಡುತ್ತಿದ್ದರು. ನನ್ನನ್ನು ಮೊದಲ ಸಲ ನೋಡಿದಾಗ ನಮಸ್ಕಾರಕ್ಕೂ ಮುಂಚೆ, "ಎಪ್ಪತ್ತೆರಡು ಕೇಜಿ ಇದ್ದೀರ," ಅಂದರು. ಸಿಟ್ಟು ಬಂತು. ಊರಿಗೆ ವಾಪಸಾಗುವಾಗ ಔಷಧಿ ಅಂಗಡಿಯ ಮುಂದಿನ ತೂಕದ ಮಿಷನ್ನು ಹತ್ತಿ ನೋಡಿದೆ. ಎಪ್ಪತ್ತೆರಡೇ ಇತ್ತು.

ಹಗರೆಯ ಬಸ್‌ಸ್ಟಾಪಿನಿಂದ ಸ್ವಲ್ಪ ಈಚೆ, ರಸ್ತೆ ಪಕ್ಕ ಅವರ ವೆಲ್ಡಿಂಗ್ ಅಂಗಡಿ. ತಂದೆ ಎತ್ತಿನ ಗಾಡಿ ಮಾಡುತ್ತಿದ್ದವರು. ಗಾಡಿಗಳ ಕಾಲ ಮುಗಿದ ಮೇಲೆ ಮಗ ಗೇಟು, ಗ್ರಿಲ್ಲು, ಟ್ರೇಲರಿಗೆ ಇಳಿದರು. ನಾನು ಹಳೇಬೀಡಿನವಳು, ಮದುವೆ ಗೃಹಪ್ರವೇಶಗಳಿಗೆ ಅಡುಗೆ ಮಾಡಿಕೊಡುತ್ತೇನೆ, ವ್ಯಾನನ್ನೂ ನಾನೇ ಓಡಿಸುತ್ತೇನೆ. ಹಂಡೆ, ಕೊಪ್ಪರಿಗೆ, ಒಲೆಗಳನ್ನು ಒಯ್ಯಲು ಅದರ ಹಿಂದೆ ಒಂದು ಪುಟ್ಟ ಟ್ರೇಲರು ಬೇಕಿತ್ತು. ಮಾಡಿಕೊಟ್ಟರು. ಆದರೆ ಕೊಡುವ ಮುಂಚೆ ವ್ಯಾನಿನ ಜೊತೆ ಬಂದಿದ್ದ ಪುಸ್ತಕ ತರಿಸಿ, ವ್ಯಾನು ಎಷ್ಟು ಭಾರ ಎಳೆಯಬಹುದು ಎಂಬ ಇಂಗ್ಲಿಷ್ ಪುಟವನ್ನು ನನ್ನಿಂದ ಎರಡೆರಡು ಸಲ ಓದಿಸಿ ಅರ್ಥ ಕೇಳಿದರು.

"ಈ ಲೆಕ್ಕ ಡ್ರೈವರ್ ಒಬ್ರೇ ಕೂತ್ರೆ ಕಣಮ್ಮ. ಒಬ್ಬೊಬ್ರನ್ನ ವ್ಯಾನಿಗೆ ಹತ್ತಿಸ್ದಂಗೆಲ್ಲ ಅಷ್ಟಷ್ಟು ಭಾರ ಟ್ರೇಲರಿಂದ ಇಳಿಸ್ಬೇಕು."

"ಎಂಜಿನ್ ಎಳೆಯಲ್ವಾ ಆಚಾರ್ರೇ?"

"ಎಳೀತದೆ. ಎಳೆಯೋದೇನ್ ದೊಡ್ಡದು? ಇಳಿಜಾರ್ನಾಗೆ ನಿಲ್ಸೋದು ಹೇಳಿ."

ಆಯ್ತು ಅಂದೆ. ಆದರೆ ಅಡುಗೆಯವಳ ಕಷ್ಟ ಅವರಿಗೇನು ಗೊತ್ತು? ಊಟ ಮುಗಿದ ಮೇಲೆ ನನ್ನ ವ್ಯಾನು ಊರಿಗೆಲ್ಲ ಮಾವನ ಮನೆ ಗಾಡಿ. "ಹೆಂಗೂ ಆ ಕಡೇನೇ ಹೋಗ್ತಿದೀರಲ್ಲ" ಎಂದು ಹತ್ತಿ ಕೂರುವವರಿಗೆ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಬೆಳಗಿನ ಜಾವದಿಂದ ಒಲೆ ಮುಂದೆ ನಿಂತವಳಿಗೆ ವಾದ ಮಾಡುವ ತ್ರಾಣವೂ ಉಳಿದಿರುವುದಿಲ್ಲ.

ಗೆಂಡೆಹಳ್ಳಿ ಕಡೆ ಒಂದು ಗೃಹಪ್ರವೇಶ ಮುಗಿಸಿ ಬರುವಾಗ ಆಗಬೇಕಾದ್ದು ಆಯಿತು. ಇಳಿಜಾರಿನಲ್ಲಿ ಟ್ರೇಲರು ಅತ್ತಿತ್ತ ಬಾಲ ಆಡಿಸತೊಡಗಿತು. ಬ್ರೇಕ್ ತುಳಿದರೆ ಹಿಂದಿನಿಂದ ಯಾರೋ ನೂಕಿದ ಹಾಗೆ. ಕೊನೆಗೆ ವ್ಯಾನು ರಾಗಿ ಹೊಲಕ್ಕೆ ನುಗ್ಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಕೊಪ್ಪರಿಗೆಯೊಂದು ಹೊಲದಲ್ಲಿ ಉರುಳಿತು ಅಷ್ಟೆ. ಮಾರನೇ ದಿನ ಟ್ರೇಲರನ್ನು ಹಗರೆಗೆ ಒಯ್ದೆ.

ಏನು ಮುರೀತು ಎಂದು ಆಚಾರ್ರು ಕೇಳಲಿಲ್ಲ. "ಎಷ್ಟ್ ಜನ ಇದ್ರಿ?" ಅಂದರು.

"ಎಂಟು. ಇನ್ನೊಂದು ಅರ್ಧ ಟಿಕೆಟ್ಟು."

"ಅರ್ಧ ಟಿಕೆಟ್ಟು ಬಸ್ಸಿಗೆ ಕಣಮ್ಮ. ಕೊಪ್ಪರಿಗೆ ಎಲ್ಲಿಟ್ಟಿದ್ರಿ?"

ಟ್ರೇಲರಿನ ಹಿಂದುಗಡೆ, ಬಾಗಿಲ ಹತ್ತಿರ, ಎಂದೆ. ಕೊನೆಗೆ ತೊಳೆದದ್ದು ಕೊನೆಗೇ ಹತ್ತುತ್ತದೆ. ಅವರು ಹಣೆ ಚಚ್ಚಿಕೊಂಡರು. "ಹಿಂಭಾರ. ಗಾಡಿ ಹಿಂಭಾರ ಆದ್ರೆ ನೊಗ ಮೇಲೆದ್ದು ಎತ್ತಿನ ಕುತ್ತಿಗೆ ಬಿಗೀತದೆ. ಎತ್ತಿಗೆ ಬುದ್ಧಿ ಐತೆ, ನಿಂತ್ಕತದೆ. ವ್ಯಾನು ನಿಂತ್ಕಳಲ್ಲ."

ಅಲ್ಲಿಂದ ಮುಂದೆ ಹಾಸನಕ್ಕೆ ಹೋಗುವಾಗಲೆಲ್ಲ ಅವರ ಅಂಗಡಿ ಮುಂದೆ ನಿಲ್ಲಿಸುವುದು ಕಡ್ಡಾಯವಾಯಿತು. ಟ್ರೇಲರನ್ನು ಬಿಚ್ಚಿ, ವ್ಯಾನಿಗೆ ಸಿಕ್ಕಿಸುವ ಅದರ ಮುಂದಿನ ಕಂಬಿಯನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಅಪ್ಪನ ಕಾಲದ ಗಾಡಿಗಳಂತೆ ಅದನ್ನೂ ಮೂಕಿ ಎಂದೇ ಕರೆಯುತ್ತಿದ್ದರು. ಹಗುರಾದರೂ ಬೈಗುಳ, ತೀರಾ ಭಾರವಾದರೂ ಬೈಗುಳ. ಆಮೇಲೆ ವ್ಯಾನಿನೊಳಗೆ ಇಣುಕಿ ತಲೆ ಎಣಿಸುವುದು. ಒಮ್ಮೆ ನನ್ನ ಚಿಕ್ಕತ್ತೆಯನ್ನು ರೇಷ್ಮೆ ಸೀರೆಯಲ್ಲೇ ಇಳಿಸಿ ಬಸ್ಸಿಗೆ ಕಳಿಸಿದರು. "ನೀವೊಬ್ರು ಇಳಿದ್ರೆ ಸಾಕಮ್ಮ, ಇನ್ಯಾರೂ ಇಳಿಯೋದು ಬ್ಯಾಡ," ಅಂದರು. ಚಿಕ್ಕತ್ತೆ ಆರು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತ್ತು. ನಾನು ಆಡಲಾರದ ಮಾತನ್ನು ಅವರು ಆಡುತ್ತಿದ್ದರು.

ಹೋದ ಮದುವೆ ಸೀಸನ್ನಿನಲ್ಲಿ ಹಾಸನದ ಛತ್ರವೊಂದಕ್ಕೆ ಹೊರಟಿದ್ದೆ. ಮೂರು ದಿನದಿಂದ ನಿದ್ದೆ ಇರಲಿಲ್ಲ, ಮೈಯೆಲ್ಲ ಸೀಸದಷ್ಟು ಭಾರ. ಆಚಾರ್ರು ಅಂಗಡಿಗೆ ಬೀಗ ಹಾಕಿ, ಒಗೆದ ಅಂಗಿ ತೊಟ್ಟು ರಸ್ತೆ ಬದಿಯಲ್ಲಿ ನಿಂತಿದ್ದರು. ಎದೆ ಹಿಡಿದಂತಾಗುತ್ತಿದೆ, ಹಾಸನದಲ್ಲಿ ಆಸ್ಪತ್ರೆಗೆ ತೋರಿಸಬೇಕು ಅಂದರು.

"ಹತ್ತಿ ಆಚಾರ್ರೇ," ಅಂದೆ.

ಒಂದು ಕಾಲು ಒಳಗಿಟ್ಟವರು ಹಾಗೇ ನಿಂತರು. ಒಳಗೆ ನನ್ನ ಜೊತೆ ಅಡುಗೆಯ ಹೆಂಗಸರು ಐದು ಜನ. ಹಿಂದೆ ಟ್ರೇಲರು ತುಂಬಿತ್ತು.

"ನಾನ್ ಸೇರಿದ್ರೆ ಜಾಸ್ತಿ ಆಯ್ತದೆ. ನೀವ್ ನಡೀರಿ, ನಾನ್ ಬಸ್ಸಿಗೆ ಬತ್ತೀನಿ."

"ಒಂದಿನ ತಾನೆ ಆಚಾರ್ರೇ."

"ಬ್ರೇಕಿಗೆ ಅದು ಗೊತ್ತಾಯ್ತದಾ? ನಡೀರಿ, ನಡೀರಿ."

ಸಾಕಾಗಿತ್ತು ನನಗೆ. ಸರಿ ಎಂದು ಹೊರಟುಬಿಟ್ಟೆ.

ಛತ್ರದಲ್ಲಿ ಪಾತ್ರೆ ಇಳಿಸಿ, ಒಲೆ ಹಚ್ಚಿ, ಬೇಳೆ ತೊಳೆಯುವಾಗ ಹೊಳೆಯಿತು. ನಮ್ಮಲ್ಲೊಬ್ಬರು ಇಳಿದು ಬಸ್ಸಿಗೆ ಬರಬಹುದಿತ್ತು. ಐದೂ ಜನ ಗಟ್ಟಿಮುಟ್ಟಾದವರು. "ಒಬ್ಬರು ಇಳೀರೇ" ಅನ್ನುವ ಒಂದು ಮಾತು. ಅದನ್ನೂ ಅವರೇ ಹೇಳಲಿ ಎಂದುಕೊಂಡಿದ್ದೆನೋ ಏನೋ. ತಮಗೋಸ್ಕರ ಅವರು ಯಾರನ್ನೂ ಇಳಿಸಲಿಲ್ಲ.

ನಾಲ್ಕನೇ ದಿನ ಆಸ್ಪತ್ರೆಯಲ್ಲೇ ತೀರಿಕೊಂಡರು. ಹಗರೆಗೆ ಮಾತಾಡಿಸಲು ಹೋದಾಗ ಅವರ ಹೆಂಡತಿ ಚಾಪೆ ಹಾಸಿ ಕೂರಿಸಿದರು. ಆಮೇಲೆ ಹೇಳಿದರು:

"ಅವತ್ತು ಬಸ್ಸು ರಷ್ಷಂತೆ ಕಣಮ್ಮ. ಹಾಸನದ ಗಂಟ ನಿಂತ್ಕಂಡೇ ಹೋದ್ರಂತೆ."