ಬಿಚ್ಚದೆ ಉಳಿದ ಹತ್ತಿಯುಂಡೆ

ಬತ್ತಿ ಹೊಸೆಯಲು ಹತ್ತಿ ಬಿಡಿಸಿದಾಗಲೆಲ್ಲ ಅದರ ಬೆಚ್ಚನೆಯ ವಾಸನೆಗೆ ಆದೋನಿಯ ನಮ್ಮ ಹಳೆಯ ಮನೆ ಎದ್ದು ಬರುತ್ತದೆ. ಹಿತ್ತಲಿನಾಚೆ ಜಿನ್ನಿಂಗ್ ಮಿಲ್ಲು. ಅರಳೆಯ ನವಿರು ಹಾರಿ ಬಂದು ಒಣಹಾಕಿದ ಸೀರೆಯ ಮೇಲೆ, ಒಮ್ಮೊಮ್ಮೆ ಸಾರಿನ ಮೇಲೂ ಕೂರುತ್ತಿತ್ತು. ಆ ಮನೆ ಈಗಿಲ್ಲ. ಅಲ್ಲಿ ಮೊಬೈಲ್ ಅಂಗಡಿಗಳಿವೆ. ಮನೆಯಲ್ಲಿ ದೊಡ್ಡ ಮಾತೇನಾದರೂ ಬಂದರೆ ಅಪ್ಪನ ತಾಯಿ, ನಾವು ಅವ್ವ ಎನ್ನುತ್ತಿದ್ದವಳು, ಮನೆದೇವರು ಉರುಕುಂದದ ಈರಣ್ಣನ ಪಟದ ಮುಂದೆ ಎರಡು ಹತ್ತಿಯುಂಡೆ ಕಟ್ಟಿ ಚೊಂಬಿನಲ್ಲಿಡುತ್ತಿದ್ದಳು. ಒಂದರಲ್ಲಿ ವಿಭೂತಿ, ಇನ್ನೊಂದರಲ್ಲಿ ಕುಂಕುಮ. ತಾತ ಕಣ್ಣು ಮುಚ್ಚಿ ಚೊಂಬಿನಿಂದ ಒಂದನ್ನೆತ್ತಿ, ಬಿಚ್ಚಿ ನೋಡಿ, ಮತ್ತೆ ಕಟ್ಟಿ ಹಾಕಿ ಕುಲುಕುತ್ತಿದ್ದರು. ಮೂರು ಸಲವೂ ವಿಭೂತಿಯೇ ಬಂದರೆ ದೇವರು ಒಪ್ಪಿದಂತೆ. ಕೊನೆಗೆ ಎರಡೂ ಉಂಡೆಗಳನ್ನು ಬಿಚ್ಚಿ ಎಲ್ಲರಿಗೂ ತೋರಿಸುವುದು ಪದ್ಧತಿ.

ನನ್ನ ಸೋದರತ್ತೆ ಲಕ್ಷ್ಮತ್ತೆಗೆ ಕರ್ನೂಲಿಗೆ ಹೋಗಿ ಟೀಚರ್ ಟ್ರೈನಿಂಗ್ ಮಾಡುವ ಆಸೆ. ತಾತ ಮದ್ದಿಕೇರದ ವರನನ್ನು ನೋಡಿಟ್ಟಿದ್ದರು. ಈರಣ್ಣನನ್ನೇ ಕೇಳುವುದೆಂದಾಯಿತು: ಮೂರು ಸಲವೂ ವಿಭೂತಿ ಬಂದರೆ ಓದು, ಒಂದು ಸಲ ಕುಂಕುಮ ಬಂದರೂ ಮದುವೆಯೇ. ಮೊದಲು ವಿಭೂತಿ ಬಂತು. ಎರಡನೆಯ ಸಲವೂ ವಿಭೂತಿ. ತಾತ ಮೀಸೆಯಲ್ಲೇ ನಕ್ಕರು. "ಎರಡು ಸಾರಿ ಇಬೂತಿ ಬಂದೈತಿ. ಇನ್ನ ಬರಾದು ಕುಂಕುಮನೇ, ನೋಡ್ತಿರು."

"ನಿಮ್ ಲೆಕ್ಕ ಈರಣ್ಣಗ ಹೇಳಬ್ಯಾಡ್ರಿ, ಮದ್ಲು ಎತ್ರಿ," ಎಂದಳು ಅವ್ವ.

ಮೂರನೆಯದೂ ವಿಭೂತಿ. ಅವ್ವ ಚೊಂಬಿನಲ್ಲಿ ಉಳಿದಿದ್ದ ಉಂಡೆಯನ್ನು ತೆಗೆದು, ಯಾರಿಗೂ ತೋರಿಸದೆ, ಅಂಗೈಯಲ್ಲೇ ಬತ್ತಿ ಹೊಸೆದು ದೀಪಕ್ಕಿಟ್ಟಳು. ಅತ್ತೆ ಟೀಚರಾಗಿ ಮನೆ ನಡೆಸಿದಳು. ತಾಯಿಯಿಲ್ಲದ ನನ್ನನ್ನು ಬೆಳಗಿನ ಐದಕ್ಕೆ ಎಬ್ಬಿಸಿ ಮಗ್ಗಿ ಹೇಳಿಸಿದವಳು, ಆರಕ್ಕೆ ಸರಿಯಾಗಿ ಸಂಜೆದೀಪ ಹಚ್ಚುವುದನ್ನು ಕಲಿಸಿದವಳು ಅವಳೇ. ಈರಣ್ಣನೇ ಓದಿಸಿದ ಎಂದು ಸಾಯುವವರೆಗೂ ಕೈ ಮುಗಿದಳು.

ನಿನ್ನೆ ಸಂಜೆ ನಾನು ಹತ್ತಿ ಬಿಡಿಸುತ್ತಿದ್ದೆ. ಮೊಮ್ಮಗಳು ಪಕ್ಕದಲ್ಲಿ ಸಂಭವನೀಯತೆಯ ಲೆಕ್ಕ ಮಾಡುತ್ತಿದ್ದಳು. ಚೀಲದಲ್ಲಿ ಒಂದು ಬಿಳಿ ಚೆಂಡು, ಒಂದು ಕೆಂಪು. ಪ್ರತಿ ಸಲ ತೆಗೆದು ವಾಪಸ್ ಹಾಕಬೇಕು. ಎರಡು ಸಲ ಬಿಳಿ ಬಂದಿದ್ದರೆ ಮೂರನೆಯದೂ ಬಿಳಿ ಬರುವ ಸಂಭವ ಎಷ್ಟು? "ಅರ್ಧನೇ," ಎಂದೆ. "ಹಿಂದೆ ಬಂದದ್ದು ಚೆಂಡಿಗೆ ನೆನಪಿರಲ್ಲ." ಹಾಗೇ ತಾತನ ಕಥೆಯನ್ನೂ ಹೇಳಿದೆ.

"ಮೂರಕ್ಕೆ ಮೂರೂ ಬರಾದು ಎಂಟರಾಗ ಒಂದು ಅಜ್ಜಿ. ಎರಡರಾಗೂ ಇಬೂತಿನೇ ಇದ್ರೆ ಮಾತ್ರ ಗ್ಯಾರಂಟಿ," ಎಂದು ಅವಳು ನಕ್ಕಳು.

ನನ್ನ ಕೈ ನಿಂತಿತು. ಅಂದಿನ ದೀಪದ ಮುಂದೆ ಅವ್ವನ ಅಂಗೈ ಕಂಡಿತು. ಕುಂಕುಮದ ಉಂಡೆ ಹೊಸೆದ ಅಂಗೈ ಕೆಂಪಾಗಬೇಕಿತ್ತು. ಅದು ಬೆಳ್ಳಗಿತ್ತು. ನಾನು ಅವಳ ಮಗ್ಗುಲಲ್ಲೇ ಕೂತು ನೋಡಿದ್ದೆ. ಇಷ್ಟು ವರ್ಷ ಅದು ನನ್ನ ಕಣ್ಣಲ್ಲೇ ಇತ್ತು. ಈರಣ್ಣನ ಎದುರಿಗೇ, ಅವನಿಗೆ ಅಷ್ಟು ಹೆದರುತ್ತಿದ್ದ ಅವ್ವ! ನಾವೆಲ್ಲ ಬದುಕಿದ್ದು ಆ ಒಂದು ಚಿಟಿಕೆ ಬೂದಿಯಿಂದ. ಅತ್ತೆಗೆ ಇದು ಗೊತ್ತಿತ್ತೇ? ಕೇಳೋಣವೆಂದರೆ ಅವಳಿಲ್ಲ, ಅವ್ವನಿಲ್ಲ, ಆ ಪಟ ತೂಗುತ್ತಿದ್ದ ಗೋಡೆಯೂ ಇಲ್ಲ.

"ಅಜ್ಜಿ, ಆರು ಹೊಡದು ಹೋತು," ಎಂದಳು ಮೊಮ್ಮಗಳು. ನನ್ನ ಮಡಿಲಲ್ಲಿ ಹತ್ತಿ ಹಾಗೆಯೇ ಇತ್ತು.