ಪಾಸಿನ ಮೇಲೆ ನಿಲ್ಲದ ಮೊಹರು

ಈ ಒಂದು ರೈಲ್ವೆ ಪಾಸಿನಲ್ಲಿ ನಾಲ್ಕು ಊರೂ ಸುತ್ತಬಹುದೇ ಎಂಬ ಚಿಂತೆ ರಾಜಾಜಿನಗರದಿಂದಲೇ ನನ್ನ ಜೊತೆ ಹೊರಟಿತ್ತು. ಜ್ಯೂರಿಕ್ ಸ್ಟೇಷನ್ನಿನ ಕೌಂಟರಿನಲ್ಲಿ ಒಂದೊಂದೇ ಊರಿನ ಹೆಸರು ಹೇಳಿದೆ. ಅಧಿಕಾರಿ ಎಲ್ಲಕ್ಕೂ ತಲೆಯಾಡಿಸಿದ. ಆದರೆ ಪ್ರಯಾಣ ಶುರುವಾಗುವ ದಿನದ ಮೊಹರು ಪಾಸಿನ ಮೇಲೆ ಬೀಳಲೇಬೇಕಂತೆ. ಒತ್ತಿದ. ಶಾಯಿ ಜಾರಿ ಅವನ ಹೆಬ್ಬೆರಳಿಗೆ ಅಂಟಿತು. ಮಗಳ ಮಾರ್ಕ್ಸ್ ಕಾರ್ಡಿನ ಜೊತೆ ಪಾಸನ್ನೂ ನಮ್ಮ ಯಜಮಾನರು ಲ್ಯಾಮಿನೇಷನ್ ಮಾಡಿಸಿದ್ದರು.

“ಮಳೇಲಿ ನೆನೀಬಾರ್ದು ಅಂತ ಮಾಡ್ಸಿದ್ದು ಕಣೇ,” ಎಂದರು ಸಣ್ಣ ದನಿಯಲ್ಲಿ.

ಅಧಿಕಾರಿ ಡ್ರಾಯರಿನಿಂದ ಬ್ಲೇಡು ತೆಗೆದು ಪ್ಲಾಸ್ಟಿಕ್ಕಿನ ಅಂಚು ಎಬ್ಬಿಸತೊಡಗಿದ. ನಮ್ಮ ಬೀದಿಯ ಲ್ಯಾಮಿನೇಷನ್ ಅಂಗಡಿಯವನು ಹೆಮ್ಮೆಯಿಂದ ಹೇಳಿದ್ದು ಆಗ ನೆನಪಾಯಿತು: “ಏನ್ ಮಾಡಿದ್ರೂ ಬಿಚ್ಕೊಳಲ್ಲ ಸಾರ್. ಬಿಚ್ಕೊಂಡ್ರೆ ಕಾಗ್ದ ಸಮೇತಾನೇ.”