ಗಾಳಿ ದಾರ್ಯಾಗ ಐತಿ

ಇವತ್ತು ಬೆಳಿಗ್ಗೆ ಮಗನ ಮೊದಲ ಗಂಜಿಗೆ ಅಂತ ಹೆಸರುಕಾಳು ಹುರಿದು ಒಡೆದೆ. ಸಿಪ್ಪೆ ಎಲ್ಲಿ ಅವನ ಗಂಟಲಿಗೆ ಅಂಟಿಕೊಳ್ಳುತ್ತದೋ ಅನ್ನೋ ಹೆದರಿಕೆಗೆ ರಾತ್ರಿ ನಿದ್ದೆಯೇ ಬಂದಿರಲಿಲ್ಲ. ಮೊರದಲ್ಲಿ ಕೇರಲು ನನಗೆ ಬರೋದಿಲ್ಲ. ಟೇಬಲ್ ಫ್ಯಾನ್ ಮುಂದೆ ಕೂತು ಬೊಗಸೆಯಿಂದ ನಿಧಾನಕ್ಕೆ ಸುರುವಿದೆ. ಸಿಪ್ಪೆ ಹಾರಿತು, ಬೇಳೆ ತಟ್ಟೆಗೆ ಬಿತ್ತು. ಆ ಬೆಚ್ಚಗಿನ ವಾಸನೆಗೆ ನಾನು ಮತ್ತೆ ಚಿಕ್ಕ ಮಗುವಾಗಿ ಉಟ್ಕೂರಿನ ನಮ್ಮ ಕಣದಲ್ಲಿದ್ದೆ.

ಬಡಿದ ಜೋಳ ರಾಶಿ ಬಿದ್ದಿತ್ತು, ತೂರಲು ಗಾಳಿಯೇ ಇರಲಿಲ್ಲ. ಅಪ್ಪನ ತಮ್ಮ, ನನ್ನ ಕಾಕಾ, ತುಂಬಿದ ಮೊರ ಹಿಡಿದು ಎತ್ತರದ ಮಣೆಯ ಮೇಲೆ ನಿಂತೇ ಇದ್ದ. ಕಣದಲ್ಲಿ ‘ಗಾಳಿ ಇಲ್ಲ’ ಅನ್ನಬಾರದು ಅಂತ ಅಜ್ಜಿಯ ಕಟ್ಟಳೆ. ಆಗಾಗ ಚಿಟಿಕೆ ಹೊಟ್ಟು ಮೇಲಕ್ಕೆ ತೂರೋಳು. ಅದು ನೆಟ್ಟಗೆ ಕಾಲಬುಡಕ್ಕೆ ಬಿದ್ದರೂ ಅದೇ ಮಾತು:

“ದಾರ್ಯಾಗ ಐತಿ.”

“ಯಾಕಬೇ ಯವ್ವಾ, ಅದಕ್ಕ ಆಟೋ ಸಿಕ್ಕಿಲ್ಲೇನು?” ಅಂದ ಕಾಕಾ.

“ನಿನ್ನಂಗ ಅಲ್ಲೋ ಅದು, ನಡಕೊಂಡ ಬರ್ತೈತಿ. ಬಾಯಿ ಮುಚ್ಚು, ಹೊಟ್ಟು ಹೊಕ್ಕೀತು.”

ಬಂತು. ಮೊದಲು ಬೇವಿನ ಎಲೆ ಅಲುಗಿತು, ಆಮೇಲೆ ಅಜ್ಜಿಯ ಸೆರಗು. ಕಾಕಾ ಸುರುವಿದ ಜೋಳ ಸರ್ರಂತ ನೆಟ್ಟಗೆ ಇಳಿಯಿತು, ಹೊಟ್ಟು ಮಾತ್ರ ಬಿಸಿಲಲ್ಲಿ ಮಿನುಗುತ್ತ ನನ್ನ ಕಡೆ ತೇಲಿ ಬಂತು. ಮೈಯೆಲ್ಲ ತುರಿಸಿದರೂ ಆ ಮೆತ್ತನೆಯ ಗುಡ್ಡೆಯಲ್ಲೇ ನಿದ್ದೆ ಹೋದೆ. ಹೊತ್ತಿಳಿದ ಮೇಲೆ ಅಜ್ಜಿ ನನ್ನನ್ನೆತ್ತಿ, ಚೀಲದ ಹಾಗೆ ಕೊಡವಿ, ಹೆಗಲಿಗೆ ಹಾಕಿಕೊಂಡಳು.

ಗಂಜಿ ಆರಿತು. ಮೊದಲ ಚಮಚ ಬಾಯಲ್ಲೇ ಇಟ್ಟುಕೊಂಡು ಮಗ ನನ್ನನ್ನೇ ನೋಡಿದ. ನಾನು ಉಸಿರು ಬಿಗಿಹಿಡಿದು ಕೂತೆ. ನುಂಗಿದ. ಎರಡನೆಯದಕ್ಕೆ ಅವನೇ ಬಾಯಿ ತೆರೆದ.